ಅಮ್ಮಣ್ಣಿಯನ್ನು ನೋಡಲು ಬಂದವನು

“ಈ ಮಗೂನ ನಮ್ಮ ಶಾಲೆಗೆ ಸೇರಿಸ್ಬೇಡಿ.”

ಮೇಷ್ಟ್ರು ತಿರುಮಲೇಶ ತಲೆ ತಗ್ಗಿಸಿಕೊಂಡೇ ಅಂದ. ಸತ್ಯಭಾಮೆಯ ಮೈಯೆಲ್ಲ ಉರಿದುಹೋಯಿತು. ಬಸವನಗುಡಿ, ಜಯನಗರ ಎಂದು ಅಲೆದು ಅಲೆದು ಸಾಕಾಗಿತ್ತು. ಎಲ್ಲಿ ಹೋದರೂ ಇದೇ ಮಾತು!

ಅಮ್ಮಣ್ಣಿ ತೀರಿಹೋದ ಅಕ್ಕನ ಮಗಳು. ಎಂಟು ವರ್ಷದವಳು. ಬಾಯಿಲೆಕ್ಕ ಕೇಳಿದರೆ ಪಟಪಟನೆ ಹೇಳುತ್ತಿದ್ದಳು, ಒಮ್ಮೆ ಕೇಳಿದ ಕಥೆಯನ್ನು ಮರೆಯುತ್ತಿರಲಿಲ್ಲ. ಸ್ಲೇಟು ಹಿಡಿದರೆ ಮಾತ್ರ ಅಕ್ಷರಗಳು ತಿರುಗುಮುರುಗಾಗುತ್ತಿದ್ದವು. ಅದಕ್ಕೂ ಒಂದು ಹೆಸರಿದೆಯೆಂದು ಅರವತ್ತೆರಡನೇ ಇಸವಿಯಲ್ಲಿ ಯಾರಿಗೆ ಗೊತ್ತು? ನಾಲಿಗೆಗೆ ಸಿಕ್ಕ ಹೆಸರು ದಡ್ಡಿ. ಅದನ್ನೇ ಇಟ್ಟರು.

“ಸ್ವಲ್ಪ ಕೇಳಿ...” ಎನ್ನುತ್ತ ಅವನು ಗೇಟಿನವರೆಗೂ ಬಂದ. ಕೇಳುವ ತಾಳ್ಮೆ ಯಾರಿಗಿತ್ತು? ಮಗುವಿನ ಕೈ ಹಿಡಿದು ಸರಸರನೆ ಹೊರಟೇಬಿಟ್ಟಳು. ‘ಇವನ ಕಣ್ಣಲ್ಲಿ ಕರುಣೆ ಕಂಡೆ ಅಂದುಕೊಂಡೆನಲ್ಲ... ನನ್ನ ಬುದ್ಧಿಗಿಷ್ಟು!’

ಶುಕ್ರವಾರ ಸಂಜೆ ಅದೇ ಮೇಷ್ಟ್ರು ವಿಳಾಸ ಹುಡುಕಿಕೊಂಡು ಮನೆಗೇ ಬಂದ. ಒಗೆದ ಪಂಚೆ, ಕೈಯಲ್ಲಿ ಬಾಳೆಹಣ್ಣು. ಮಗುವಿರುವ ಮನೆಗೆ ಬರಿಗೈಲಿ ಹೋಗಬಾರದೆಂದು ತಂದಿದ್ದ, ಅಷ್ಟೇ.

ಆದರೆ ಸಂಬಂಧ ಹುಡುಕಿಕೊಡುತ್ತಿದ್ದ ಶಾಸ್ತ್ರಿಗಳು ಅದೇ ವಾರ ಒಬ್ಬ ವರನನ್ನು ಕಳಿಸುತ್ತೇನೆಂದಿದ್ದರು. ಸತ್ಯಭಾಮೆಯ ತಾಯಿಗೆ ಇನ್ನೇನು ಬೇಕು? ಹಿರಿಯರಿಲ್ಲದೆ ಒಬ್ಬನೇ ಬಂದಿದ್ದಾನಲ್ಲ ಎಂಬುದೂ ಅವರಿಗೆ ಹೊಳೆಯಲಿಲ್ಲ. ರವೆ ಬಾಣಲೆಗೆ ಬಿತ್ತು. ಅಮ್ಮಣ್ಣಿಯನ್ನು ಹಿಂದಿನ ಕೋಣೆಗೆ ತಳ್ಳಿ ಚಿಲಕ ಹಾಕಿದರು. ಮಗುವಿನ ವಿಷಯ ತಿಳಿದೇ ಹಿಂದೆ ಸಂಬಂಧಗಳು ತಪ್ಪಿಹೋಗಿದ್ದವು.

ಕಾಫಿ ಹಿಡಿದು ಬಂದ ಸತ್ಯಭಾಮೆ ‘ವರ’ನ ಮುಖ ನೋಡಿ ಅಲ್ಲೇ ನಿಂತಳು. ಮಗುವನ್ನು ಬೇಡವೆಂದವನ ಮುಂದೆ ಹೂ ಮುಡಿದು ನಿಲ್ಲಬೇಕೆ? ಒಳಗಿನಿಂದ ಅಮ್ಮಣ್ಣಿ ಬಾಗಿಲು ಬಡಿಯುತ್ತಿದ್ದಳು.

“ನನ್ನ ನೋಡೋಕ್ಮುಂಚೆ ಇದನ್ನ ಕೇಳಿ. ಅಮ್ಮಣ್ಣಿಗೆ ಜಾಗ ಇಲ್ಲದ ಮನೆಗೆ ನಾನೂ ಬರಲ್ಲ.”

ತಿರುಮಲೇಶ ತಬ್ಬಿಬ್ಬಾದ. “ನಾನು... ಅಮ್ಮಣ್ಣೀನೇ ನೋಡೋಕೆ ಬಂದಿದ್ದು.”

ಸತ್ಯಭಾಮೆಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾಯಿ ಸೌಟು ಹಿಡಿದುಕೊಂಡೇ ಹೋಗಿ ಚಿಲಕ ತೆಗೆದರು.

ಅವನು ಮೆಲ್ಲಗೆ ವಿವರಿಸಿದ. ತನ್ನ ಶಾಲೆಯಲ್ಲಿ ಇಂಥ ಮಕ್ಕಳನ್ನು ಒಂದನೇ ಕ್ಲಾಸಿನ ಪುಟಾಣಿಗಳ ಜೊತೆ ಕೂರಿಸಿ ಬೆತ್ತದ ರುಚಿ ತೋರಿಸುತ್ತಿದ್ದರು. ಅದಕ್ಕೇ ಬೇಡವೆಂದದ್ದು. ಆಮೇಲೆ ತಾನೇ ಊರೆಲ್ಲ ವಿಚಾರಿಸಿದ. ಒಂದೇ ಒಂದು ಒಳ್ಳೆಯ ಶಾಲೆ ಸಿಗಲಿಲ್ಲ. ಕೊನೆಗೆ ತನ್ನ ಹೆಡ್‌ಮಾಸ್ಟರರ ಜೊತೆಗೇ ಜಗಳವಾಡಿ ಒಪ್ಪಿಸಿದ್ದ. ಅಮ್ಮಣ್ಣಿ ಅವನ ತರಗತಿಯಲ್ಲೇ ಕೂರಬಹುದು, ಬಾಯಲ್ಲೇ ಉತ್ತರ ಹೇಳಬಹುದು, ಬೆತ್ತವಿಲ್ಲ. ಆದರೆ ಅರ್ಧವಾರ್ಷಿಕ ಪರೀಕ್ಷೆಯವರೆಗೆ ಮಾತ್ರ.

“ಅಷ್ಟರೊಳಗೆ ಓದೋಕೆ ಬರದಿದ್ರೆ?”

“ಅವಳ ಜೊತೆ ನನ್ನನ್ನೂ ಮನೆಗೆ ಕಳಿಸ್ತಾರಂತೆ.”

ಸತ್ಯಭಾಮೆಯ ಕಣ್ಣು ತುಂಬಿತು. ಇಷ್ಟು ದಿನ ಒಬ್ಬಳೇ ಹೊತ್ತ ಸಿಟ್ಟಿಗೆ ಇಂದು ಇನ್ನೊಬ್ಬರು ಹೆಗಲು ಕೊಟ್ಟಿದ್ದರು.

“ಕಳಿಸ್ಲಿ ಬಿಡಿ. ಮೂರು ಜನಾನೂ ಬೇರೆ ಶಾಲೆ ಹುಡುಕೋಣ.”

ಅಂದವಳೇ ತುಟಿ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಮೂರು ಜನಾನಾ?” ಅವನ ದನಿ ತೀರಾ ಮೆತ್ತಗಿತ್ತು.

“ಯಾಕೆ... ಜಾಸ್ತಿ ಆಯ್ತಾ?”

“ಇಲ್ಲ. ಅದನ್ನ ನಾನು ಹೇಗೆ ಕೇಳೋದು ಅಂತ ಯೋಚಿಸ್ತಾ ಕೂತಿದ್ದೆ.”