ಬಿದಿರು ಬಿಟ್ಟ ಹೆಸರು

ಸರ್... ಎಂದು ಎಲೆ ಎಲೆಗೆ ಉಜ್ಜಿದಂಥ ಸಣ್ಣ ಸದ್ದು. ಮಧ್ಯರಾತ್ರಿ ದಾಟಿತ್ತು. ಧೃತಿ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದಳು. ಬೀದಿದೀಪದ ಕೆಳಗೆ ಮೇಪಲ್ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಹಿತ್ತಲ ಬೇಲಿಯ ಬಿದಿರ ಮೆಳೆ ಮಾತ್ರ ಓಲಾಡುತ್ತಿತ್ತು.

ಗಂಡ ಸುಮೀತ್ ಅಮೆರಿಕದ ಮೆಟುಚೆನ್ ಊರಿನಲ್ಲಿ ಬಾಡಿಗೆಗೆ ಹಿಡಿದಿದ್ದ ಈ ಮನೆಗೆ ಅವಳು ಅತ್ತೆ, ಮಗಳೊಂದಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಆ ಮಧ್ಯಾಹ್ನವಷ್ಟೇ ಪಕ್ಕದ ಮನೆಯ ಮುದುಕಿ ಮಿಸೆಸ್ ಯೂನ್ ಬೇಲಿಯಾಚೆಯಿಂದ ಕತೆಯೊಂದನ್ನು ಹೇಳಿದ್ದಳು. ಕೊರಿಯದ ಸಿಲ್ಲಾ ರಾಜ್ಯವನ್ನಾಳಿದ ಗ್ಯೊಂಗ್‌ಮುನ್ ದೊರೆಯ ಕತೆ. ರಾತ್ರಿ ಹಾವುಗಳು ಬಂದು, ನಾಲಿಗೆ ಚಾಚಿ ಅವನ ಎದೆಯನ್ನು ಮುಚ್ಚದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಪಟ್ಟವೇರಿದ ಮೇಲೆ ಅವನ ಕಿವಿ ಕತ್ತೆಯ ಕಿವಿಯಂತೆ ಬೆಳೆಯಿತಂತೆ. ಅದು ಗೊತ್ತಿದ್ದದ್ದು ಅವನ ಟೋಪಿ ಹೊಲಿಯುವವನೊಬ್ಬನಿಗೆ ಮಾತ್ರ. ಸಾಯುವ ಕಾಲಕ್ಕೆ ತಡೆಯಲಾರದೆ ಅವನು ಬಿದಿರ ಮೆಳೆಯೊಳಗೆ ಹೋಗಿ ಕೂಗಿ ಹೇಳಿಬಿಟ್ಟ. ಆಮೇಲೆ ಗಾಳಿ ಬೀಸಿದಾಗೆಲ್ಲ ಬಿದಿರು ಅದನ್ನೇ ಹೇಳತೊಡಗಿತು: ದೊರೆಯ ಕಿವಿ ಕತ್ತೆಯ ಉದ್ದ ಕಿವಿ.

"ನಿಮ್ಮ ಮನೆಯಲ್ಲಿ ಮೊದಲಿದ್ದವಳು ಮಾಟ ಮಾಡಿ ನೆಟ್ಟ ಬಿದಿರು ಇದು. ಇದರ ಹತ್ತಿರ ಗುಟ್ಟು ಆಡಬೇಡ. ಕಡಿಯಲೂ ಬೇಡ," ಎಂದಿದ್ದಳು ಮುದುಕಿ.

"ನಮ್ಮ ಮನೇಲಿ ಯಾರ ಕಿವೀನೂ ಉದ್ದ ಇಲ್ಲ, ಮಿಸೆಸ್ ಯೂನ್," ಎಂದು ಧೃತಿ ನಕ್ಕಿದ್ದಳು.

ಗುಟ್ಟು ಮಾತ್ರ ಇತ್ತು. ಸುಮೀತನ ಅಣ್ಣ ಋಷಿ ಬೆಂಗಳೂರಿನಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದ. ಅತ್ತೆ ಶೈಲಮ್ಮನಿಗೆ ಮುಂದಿನ ವಾರ ಹೃದಯದ ಆಪರೇಷನ್. "ಸರ್ಜರಿ ಆಗೋವರ್ಗೂ ಅಮ್ಮಂಗೆ ಗೊತ್ತಾಗ್ಬಾರ್ದು. ತಡ್ಕೊಳ್ಳಲ್ಲ," ಎಂದಿದ್ದ ಸುಮೀತ್.

ಶೈಲಮ್ಮ ದಿನವೂ ಕೇಳುತ್ತಿದ್ದರು. "ಋಷಿ ಯಾಕಮ್ಮ ಫೋನ್ ಮಾಡ್ತಿಲ್ಲ?"

"ಟ್ರಾವೆಲ್ ಮಾಡ್ತಿದಾರೆ ಅತ್ತೆ. ಕ್ಲೈಂಟ್ ಮೀಟಿಂಗು."

"ಹೆತ್ತವಳಿಗಿಂತ ದೊಡ್ಡ ಕ್ಲೈಂಟು ಯಾವನೇ ಅವನು!"

ಪ್ರತಿ ಸಲವೂ ಧೃತಿ ಹೊಸದೊಂದು ಸುಳ್ಳು ಹುಡುಕುತ್ತಿದ್ದಳು. ಆ ರಾತ್ರಿ ಅವಳು ಬರಿಗಾಲಲ್ಲಿ ಹಿತ್ತಲಿಗೆ ಹೋದಳು. ಮುದುಕಿಯ ಕತೆಯನ್ನು ಅಣಕಿಸುವಂತೆ ಬಿದಿರಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು: "ಋಷಿ ಇನ್ನಿಲ್ಲ." ಎದೆ ಹಗುರಾಯಿತು. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಶೈಲಮ್ಮ ಕೇಳಿದರು. "ಹಿತ್ತಲಲ್ಲಿ ಯಾರೇ ಅದು, ಋಷಿ ಹೆಸರು ಹೇಳ್ಕೊಂಡು ಗೊಣಗೋದು? ನಿನ್ನ ದನಿ ಇದ್ದಹಾಗಿತ್ತು."

ಧೃತಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ಅತ್ತೆ ಮಧ್ಯಾಹ್ನ ಮಲಗಿದ್ದೇ ಗರಗಸ ಹಿಡಿದು ಬಿದಿರನ್ನು ಬುಡದವರೆಗೆ ಕೊಯ್ದಳು. ಹಸಿ ಹುಲ್ಲಿನ ವಾಸನೆ ಬರಲಿಲ್ಲ. ಬಹುಕಾಲ ಬೀಗ ಹಾಕಿಟ್ಟ ಕೋಣೆಯ ಮುಗ್ಗಲು ವಾಸನೆ ಬಂತು.

ಬೇಲಿಯ ಬಳಿ ಬಂದ ಮಿಸೆಸ್ ಯೂನ್‌ಳ ಮುಖ ಬಿಳಿಚಿಹೋಯಿತು. "ಕಡಿದುಬಿಟ್ಟೆಯಾ? ಆ ದೊರೆಯೂ ಕಡಿಸಿದ್ದ. ಆಮೇಲೆ ಗಾಳಿ ಅರ್ಧ ಮಾತು ಹೇಳಿತು. ಕತ್ತೆ ಎಂಬ ಮಾತು ಬಿಟ್ಟುಹೋಯಿತು, ಉದ್ದ ಕಿವಿ ಎಂಬುದು ಉಳಿಯಿತು. ಇದು ಮಾಟದ ಬಿದಿರು, ಇಲ್ಲಿ ಉಳಿಯುವ ಅರ್ಧ ಮಾತಿಗೆ ಹೆಸರು ಬೇಕು; ಕೇಳಿದ ಹೆಸರಿಗೆ ಅದು ಅಂಟಿಕೊಳ್ಳುತ್ತದೆ. ಇಲ್ಲಿ ಯಾರನ್ನೂ ಹೆಸರು ಹಿಡಿದು ಕೂಗಬೇಡ." ಅಷ್ಟು ಹೇಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಸಂಜೆ ಕಪ್ಪಾಗುತ್ತಿತ್ತು. ಧೃತಿ ಬಿದ್ದ ಎಲೆಗಳನ್ನು ಗುಡಿಸುತ್ತಿದ್ದಳು. ನಾಲ್ಕು ವರ್ಷದ ಮಗಳು ಅವನಿ ಮೆಟ್ಟಿಲ ಮೇಲೆ ಆಡುತ್ತಿದ್ದಳು. ಆಗ ಬಿದಿರಿನ ಬೊಡ್ಡೆಗಳು ಉಸಿರಾಡಿದವು.

"ಇನ್ನಿಲ್ಲ... ಇನ್ನಿಲ್ಲ..."

ಋಷಿಯ ಹೆಸರು ಬಿಟ್ಟುಹೋಗಿತ್ತು.

ಮೇಲಿನ ಕಿಟಕಿ ತೆರೆಯಿತು. "ಅವನೀ, ಬಾರೇ ಪುಟ್ಟಿ, ಹಾಲು ಆರ್ತಿದೆ!" ಶೈಲಮ್ಮನ ದನಿ.

ಬೊಡ್ಡೆಗಳು ಸುಮ್ಮನಾದವು. ಆಮೇಲೆ, ನಿಧಾನವಾಗಿ: "ಅವನಿ..."

ಎಲೆಗಳು ಹರಿದುಬಂದವು. ಹಾವಿನಂತೆ. ಮೆಟ್ಟಿಲೇರಿದವು. ಮಗುವಿನ ಎದೆಯ ಮೇಲೆ ಕವಿದವು. ನಾಲಿಗೆ ನಾಲಿಗೆಯಾಗಿ.

"ಮಮ್ಮಾ, ಐ ಕಾಂಟ್ ಬ್ರೀದ್."

ಧೃತಿ ಕಿತ್ತಳು. ಮತ್ತೆ ಕವಿದವು. ಮಗುವಿನ ತುಟಿ ನೀಲಿಯಾಯಿತು. ಬಿದಿರು ಆಡಲು ಉಳಿದದ್ದು ಒಂದೇ ಮಾತು. ಅದು ಬರುವ ಮೊದಲು ಬೇರೆ ಹೆಸರು ಬೇಕು. ಅವಳು ಬೊಡ್ಡೆಗೆ ಬಾಯಿ ಹಚ್ಚಿದಳು. ತನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಶೈಲಮ್ಮ," ಎಂದಳು.

"ಇನ್ನಿಲ್ಲ," ಎಂದಿತು ಬಿದಿರು.

ಮಹಡಿಯಲ್ಲಿ ಹಾಲಿನ ಲೋಟ ಬಿದ್ದ ಸದ್ದು. ಅವನಿ ಉಸಿರೆಳೆದುಕೊಂಡು ಅತ್ತಳು. ಗಾಳಿ ನಿಂತಿತು.

ಅಂತ್ಯಕ್ರಿಯೆ ಮುಗಿದ ದಿನ ಸುಮೀತ್ ಅವಳ ಕೈಹಿಡಿದು ಕುಳಿತ. "ಅಣ್ಣ ಹೋಗಿದ್ದು ಅಮ್ಮಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ. ಅದೊಂದೇ ಸಮಾಧಾನ. ನೀನು ಬಾಯಿ ಬಿಡಲಿಲ್ವಲ್ಲ, ಥ್ಯಾಂಕ್ಸ್ ಕಣೇ."

ಧೃತಿ ಬಾಯಿ ತೆರೆದಳು. ಕಿಟಕಿಯಾಚೆ ಕಡಿದ ಬುಡದಿಂದ ಎಳೆಯ ಬಿದಿರ ಮೊಳಕೆಯೊಂದು ಎದ್ದಿತ್ತು, ಕಿವಿ ನಿಮಿರಿಸಿದಂತೆ.

ಅವಳು ತುಟಿ ಮುಚ್ಚಿಕೊಂಡಳು. ಯಾರಿಗೂ ಹೇಳುವುದಿಲ್ಲ. ಸುಮೀತನಿಗೂ ಇಲ್ಲ. ಸಾಯುವ ಕಾಲಕ್ಕೂ ಇಲ್ಲ.