ಪಂಪ್ ಗುಂಡಿಯ ಗಾಳಿ

ಸೋಮವಾರ ಬೆಳಿಗ್ಗೆ ಶಿವರಂಜನಿ ಲ್ಯಾಬಿನ ಬಾಗಿಲು ತೆಗೆದಾಗ ನಾಲ್ಕೂ ರಿಯಾಕ್ಟರುಗಳ ಮೀಟರುಗಳು ಸೊನ್ನೆ ತೋರಿಸುತ್ತಿದ್ದವು. ಸ್ವಿಚ್ ಬೋರ್ಡಿನ ಮೇಲೆ ಒಂದು ಚೀಟಿ: ‘ಗ್ಯಾಸು, ಕರೆಂಟು ಎರಡೂ ಬಂದ್ ಮಾಡಿದ್ದೇನೆ. ಆನ್ ಮಾಡಬೇಡಿ. ಸೋಮೇಶ್.’

ಸೋಮೇಶ್ ತಿಂಗಳ ಹಿಂದೆ ಸೇರಿದ್ದ ಎಲೆಕ್ಟ್ರಿಷಿಯನ್, ಗುಂಡ್ಲುಪೇಟೆಯವನು. ಅವಳು ಉಡಿಗಾಲದವಳು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಬದನಗುಪ್ಪೆಯ ಈ ಸಣ್ಣ ಪ್ರಾಯೋಗಿಕ ಘಟಕಕ್ಕೆ ಬಂದು ಹನ್ನೊಂದು ತಿಂಗಳಾಗಿತ್ತು. ಬಾಯ್ಲರಿನ ಹೊಗೆಯಿಂದ ಬೇರ್ಪಡಿಸಿದ ಕಾರ್ಬನ್ ಡೈಆಕ್ಸೈಡ್ ಪೈಪಿನಲ್ಲಿ ಇಲ್ಲಿಗೆ ಬರುತ್ತಿತ್ತು. ರಿಯಾಕ್ಟರಿನ ಬ್ಯಾಕ್ಟೀರಿಯಾಗಳು ಕರೆಂಟಿನ ಬಲದಿಂದ ಅದನ್ನು ತಿಂದು, ವಿನೆಗರಿನಲ್ಲಿರುವ ಆಮ್ಲವನ್ನೇ ಕೊಡುತ್ತಿದ್ದವು. ಅವನ್ನು ಸಾಕಿ ಬೆಳೆಸಲು ಅವಳಿಗೆ ಐದು ತಿಂಗಳು ಹಿಡಿದಿತ್ತು. ಈಗ ಅವು ಭಾನುವಾರ ಮಧ್ಯಾಹ್ನದಿಂದ ಉಪವಾಸ.

ಬೈಯಬೇಕೆಂದೇ ಅವಳು ಶೆಡ್ಡಿನ ಕೊನೆಗೆ ಹೋದಳು. ಅಲ್ಲಿ ಪಂಪ್ ಕೂರಿಸಿದ್ದ ಹನ್ನೆರಡು ಅಡಿ ಆಳದ ಗುಂಡಿಯ ಅಂಚಿನಲ್ಲಿ ಸೋಮೇಶ್ ಕೂತಿದ್ದ. ಅವಳ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡ. ಆಮೇಲೆ ಟಾರ್ಚ್ ಬಿಟ್ಟು ತೋರಿಸಿದ. ತಳದಲ್ಲಿ ಮೂರು ಇಲಿ, ಒಂದು ಓತಿಕ್ಯಾತ ಸತ್ತು ಬಿದ್ದಿದ್ದವು.

“ವಾಸ್ನೆ ಇಲ್ಲ, ಬಣ್ಣ ಇಲ್ಲ ಮೇಡಂ. ಆದ್ರೆ ಒಳ್ಗೆ ಏನೋ ಕುಂತದೆ,” ಎಂದ.

ಒಂದು ಮೇಣದಬತ್ತಿ ಹಚ್ಚಿ, ವೈರಿಗೆ ಕಟ್ಟಿ ಕೆಳಗಿಳಿಸಿದ. ಆಳುದ್ದ ಇಳಿಯುವಷ್ಟರಲ್ಲಿ ಯಾರೋ ಚಿವುಟಿದಂತೆ ದೀಪ ಆರಿತು. ಅದರ ಹೊಗೆ ಮೇಲೆ ಬರಲಿಲ್ಲ. ಕಾಣದ ನೀರಿನ ಮೇಲೆ ತೇಲುವಂತೆ ಅಡ್ಡಡ್ಡ ಹರಡಿಕೊಂಡಿತು.

ಶಿವರಂಜನಿ ತಲೆಯೆತ್ತಿ ನೋಡಿದಳು. ಗ್ಯಾಸ್ ಸೆನ್ಸರ್ ಸೂರಿನ ಹತ್ತಿರ ಹಸಿರು ದೀಪ ಮಿನುಗಿಸುತ್ತಿತ್ತು. ಕರೆಂಟಿನಿಂದ ರಿಯಾಕ್ಟರಿನಲ್ಲಿ ಹುಟ್ಟುವ ಹೈಡ್ರೋಜನ್ ಮೇಲೇರುತ್ತದೆ, ಅದರ ಸೆನ್ಸರ್ ಅಲ್ಲೇ ಇರಬೇಕು. ಕಾರ್ಬನ್ ಡೈಆಕ್ಸೈಡ್ ಕೆಳಗಿಳಿಯುತ್ತದೆ. ಎರಡನ್ನೂ ಒಂದೇ ಕಡೆ ಹಾಕಲು ಸಹಿ ಮಾಡಿದವಳು ಅವಳೇ.

ಪೈಪಿನ ಸೋರಿಕೆ ಸರಿಯಾಗುವವರೆಗೆ ಎಲ್ಲ ನಿಲ್ಲಿಸಲು ಮ್ಯಾನೇಜರ್ ಒಪ್ಪಲಿಲ್ಲ. ಗುರುವಾರ ಹಣ ಹೂಡುವವರು ನೋಡಲು ಬರುತ್ತಾರೆ, ರಿಯಾಕ್ಟರ್ ನಡೆಯುತ್ತಿರಬೇಕು, ರಿಪೇರಿ ಶುಕ್ರವಾರ ಮಾಡಿಸೋಣ ಎಂದರು. ಶಿವರಂಜನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಮೂರೇ ದಿನವಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಸೋಮೇಶ್ ಅವಳ ಮುಖವನ್ನೇ ನೋಡಿದ. ಆಮೇಲೆ ಗುಂಡಿಗೆ ಕಬ್ಬಿಣದ ಮುಚ್ಚಳ ಎಳೆದು, ಬೀಗ ಹಾಕಿ, ಕೀಲಿಯನ್ನು ಅವಳ ಕೈಗೆ ಕೊಟ್ಟ. ಅವನ ಬೆರಳು ಅವಳ ಅಂಗೈಯಲ್ಲಿ ಅರೆಗಳಿಗೆ ಹೆಚ್ಚೇ ನಿಂತಿತು.

ಆ ಮೂರು ದಿನ ಇಬ್ಬರೂ ಆ ಮುಚ್ಚಳದ ಪಕ್ಕದಲ್ಲೇ ಊಟ ಮಾಡಿದರು. ಕಾಯುವುದಕ್ಕೆ ಎಂದುಕೊಂಡರು.

ನಿಮ್ಮ ಹುಳಗಳು ಏನು ಮಾಡುತ್ತವೆ ಎಂದು ಅವನು ಮಂಗಳವಾರ ಕೇಳಿದ. ಅವಳು ವಿವರಿಸಿದಳು. “ಹಸ ಹುಲ್ ತಿಂದು ಹಾಲ್ ಕೊಟ್ಟಂಗೆ ಅನ್ನಿ,” ಎಂದ. ಅವಳಿಗೆ ನಗು ಬಂತು. ಹಾಗಾದರೆ ನೀವು ದನ ಕಾಯುವವರು ಎಂದು ಅವನು ಮೆಲ್ಲಗೆ ಸೇರಿಸಿದಾಗ, ರೆಪ್ಪೆಯಡಿಯಿಂದ ಅವನನ್ನು ನೋಡಿ ಸಿಟ್ಟು ನಟಿಸಿದಳು. ಬುಧವಾರ ಅವನು ದಾರಿಯ ಹೊಲದಿಂದ ಒಂದೇ ಒಂದು ಚೆಂಡು ಹೂ ತಂದಿದ್ದ. ಅವಳು ಅದನ್ನು ಕೋಟಿನ ಜೇಬಿಗೆ ಇಟ್ಟುಕೊಂಡಳು. ಮುಚ್ಚಳದ ಕೆಳಗೆ ಪಂಪ್ ಗುರ್ರೆನ್ನುತ್ತಿತ್ತು. ಇಷ್ಟು ಸಂತೋಷ ಇಂಥ ಜಾಗದಲ್ಲಿ ಯಾಕಾಯಿತು ಎಂದು ಅವಳಿಗೆ ಭಯವಾಯಿತು.

ಗುರುವಾರ ಹನ್ನೊಂದು ಗಂಟೆಗೆ ಅತಿಥಿಗಳು ಆಫೀಸಿನಲ್ಲಿ ಕಾಫಿ ಕುಡಿಯುತ್ತಿದ್ದರು. ಪಂಪಿನ ಸದ್ದು ನಿಂತು ಆಗಲೇ ಸ್ವಲ್ಪ ಹೊತ್ತಾಗಿದೆ ಎಂದು ಲ್ಯಾಬಿನಲ್ಲಿದ್ದ ಶಿವರಂಜನಿಗೆ ಹೊಳೆಯಿತು. ಅವಳೂ ಸೋಮೇಶನೂ ಒಟ್ಟಿಗೇ ಓಡಿದರು. ಬೀಗ ಒಡೆದಿತ್ತು. ಪಂಪ್ ನೋಡಿ ಬಾ ಎಂದು ಮ್ಯಾನೇಜರ್ ಹೆಲ್ಪರ್ ಮೂಗಯ್ಯನನ್ನು ಕಳಿಸಿದ್ದರು. ಐವತ್ತು ದಾಟಿದ ಮೂಗಯ್ಯ ಗುಂಡಿಯ ತಳದಲ್ಲಿ, ಏಣಿಗೆ ತಲೆಯಾನಿಸಿ ಮಲಗಿದವನಂತೆ ಬಿದ್ದಿದ್ದ.

ಸೋಮೇಶ್ ಏಣಿಗೆ ಕಾಲಿಟ್ಟ. ಶಿವರಂಜನಿ ಹಿಂದಿನಿಂದ ಅವನ ಸೊಂಟ ತಬ್ಬಿ ನೆಲಕ್ಕೆ ಕೆಡವಿದಳು. ಅವನು ಕೊಸರಾಡಿದ, ಕಿರುಚಿದ. ಅವಳು ಬಿಡಲಿಲ್ಲ. ಮೊದಲು ಗ್ಯಾಸ್ ನಿಲ್ಲಿಸು, ಕಂಪ್ರೆಸರಿನ ಪೈಪ್ ಒಳಗೆ ಬಿಡು, ಗಾಳಿ ತುಂಬಲಿ ಎಂದು ಅವನ ಕಿವಿಯಲ್ಲೇ ಹೇಳುತ್ತಿದ್ದಳು. ಗಾಳಿ ತುಂಬಲು ನಾಲ್ಕು ನಿಮಿಷ ಬೇಕಾಯಿತು. ಆಮೇಲೆ ಸೋಮೇಶ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಇಳಿದ. ಕೂಗು ಕೇಳಿ ಓಡಿಬಂದವರೆಲ್ಲ ಸೇರಿ ಇಬ್ಬರನ್ನೂ ಮೇಲಕ್ಕೆಳೆದರು.

ಮೂಗಯ್ಯನಿಗೆ ಉಸಿರಿತ್ತು. ಆದರೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ.

ಶನಿವಾರ ಶಿವರಂಜನಿ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ಬರೆದುಕೊಟ್ಟ ಹೇಳಿಕೆಯ ಪ್ರತಿಯನ್ನು ಹಿಡಿದು ಆಸ್ಪತ್ರೆಗೆ ಬಂದಳು. ಸೆನ್ಸರಿಗೆ ತಾನು ಮಾಡಿದ ಸಹಿ, ಸೋಮವಾರ ತಾನು ಒಪ್ಪಿಕೊಂಡದ್ದು, ಎಲ್ಲ ಅದರಲ್ಲಿತ್ತು. ಘಟಕಕ್ಕೆ ಬಾಗಿಲು ಬಿದ್ದಿತ್ತು. ರಿಯಾಕ್ಟರುಗಳಲ್ಲಿ ಅವಳ ಬ್ಯಾಕ್ಟೀರಿಯಾ ಸಾಯುತ್ತಿದ್ದವು. ವರಾಂಡದ ಬೆಂಚಿನಲ್ಲಿದ್ದ ಸೋಮೇಶ್ ಹಾಳೆಯನ್ನು ಓದಿ ಹಿಂದೆ ಕೊಟ್ಟ. ಗುರುವಾರದಿಂದ ಅವನು ಅವಳೊಡನೆ ಮಾತಾಡಿರಲಿಲ್ಲ.

“ನಾಲ್ಕು ನಿಮಿಷ ಮೇಡಂ,” ಎಂದ ಕೊನೆಗೆ.

“ನೀವು ಆಗಲೇ ಇಳಿದಿದ್ರೆ ಇಬ್ರೂ ಮೇಲೆ ಬರ್ತಿರಲಿಲ್ಲ. ಅದು ನಂಗೆ ಗೊತ್ತಿತ್ತು,” ಎಂದಳು. “ಆದ್ರೆ ಅದು ನೆನಪಾಗಿ ನಿಮ್ಮನ್ನ ಹಿಡ್ಕೊಳ್ಲಿಲ್ಲ. ನೀವು ಅಂತ ಹಿಡ್ಕೊಂಡೆ. ಬೇರೆಯವ್ರಾಗಿದ್ರೆ ಅಷ್ಟು ಗಟ್ಟಿಯಾಗಿ ಹಿಡೀತಿದ್ನೋ ಇಲ್ವೋ, ದೇವ್ರಾಣೆ ಗೊತ್ತಿಲ್ಲ.”

ಅಷ್ಟರಲ್ಲಿ ಮೂಗಯ್ಯನ ಹೆಂಡತಿ ಪುಟ್ಟಮಾದಮ್ಮ ವಾರ್ಡಿನ ಬಾಗಿಲಿಗೆ ಬಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಕಣ್ ಬುಟ್ಟವ್ರೆ ಕಣವ್ವ,” ಎಂದಳು. “ನೀನ್ಯಾರು ಅಂತ ನನ್ನೇ ಕೇಳ್ತಾವ್ರೆ.”

ಸೋಮೇಶ್ ಎದ್ದ. ಶಿವರಂಜನಿಯ ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡು, ಕೈ ಚಾಚಿದ.

“ನಡಿ ರಂಜನಿ,” ಎಂದ, ಮೊದಲ ಸಲ ಹೆಸರು ಹಿಡಿದು. “ಒಳಕ್ಕೋಗನ.”