ಕಡತದ ಜಾಗದಲ್ಲಿದ್ದ ಚೀಟಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಜಮೀನ್ದಾರರು ಠಾಣೆಗೆ ಬಂದು ದೂರು ಕೊಟ್ಟರು. ತಕರಾರಿನಲ್ಲಿದ್ದ ನಲವತ್ತು ಎಕರೆ ಅವರದೇ ಎಂದು ಸರ್ಕಾರ ಖಾಯಂ ಮಾಡುವ ಆದೇಶಕ್ಕೆ ಬುಧವಾರ ಸಹಿ ಬೀಳಬೇಕಿತ್ತು. ಅಷ್ಟರಲ್ಲಿ ಕಂದಾಯ ಕಚೇರಿಯಿಂದ ಮೂಲ ಕಡತವೇ ಮಾಯ.

“ಯಾರ ಮೇಲೆ ಅನುಮಾನ?”

“ಅಲ್ಲಿ ಮನೆ ಕಟ್ಕೊಂಡು ತಕರಾರು ತೆಗೆದಿರೋ ಹನ್ನೊಂದು ಕುಟುಂಬ ಇದೆಯಲ್ಲ, ಅವರೇ. ಇನ್ಯಾರು?”

ಇನ್ಸ್‌ಪೆಕ್ಟರ್ ಎಫ್‌ಐಆರ್ ಹಾಕಿಸಿದರು. ಅವರ ಅನುಮಾನ ಮಾತ್ರ ದೂರುದಾರರ ಮೇಲೇ. ಕಡತ ಕಳೆದುಕೊಂಡವರ ಮುಖ ಇಷ್ಟು ತಣ್ಣಗಿರುತ್ತದೆಯೇ? ಒಳಗಿನ ಯಾವುದೋ ಹಳೆಯ ಕಾಗದ ಇವರಿಗೇ ಮುಳುವಾಗಿರಬೇಕು.

11.45, ಕಂದಾಯ ಕಚೇರಿ. ಶುಕ್ರವಾರವೇ ಕಡತವನ್ನು ದಾಖಲೆ ಕೋಣೆಗೆ ವಾಪಸ್ ಕಳಿಸಿದೆ ಎಂದರು ಆದೇಶಕ್ಕೆ ಸಹಿ ಹಾಕಬೇಕಿದ್ದ ಸಾಹೇಬರು, ಕಣ್ಣು ತಪ್ಪಿಸಿ. ದಾಖಲೆ ಕೋಣೆಯ ಗುಮಾಸ್ತ, ಎಲ್ಲರ ಬಾಯಲ್ಲಿ ದಫ್ತರಣ್ಣ, “ನನ್ನ ಕೋಣೆಗೆ ಬರಲೇ ಇಲ್ಲ ಸಾರ್” ಎಂದ.

ಯಾರನ್ನು ನಂಬುವುದು! ಹೆಡ್ ಕಾನ್‌ಸ್ಟೆಬಲ್ ಸೀನುತ್ತಾ ಕಪಾಟುಗಳನ್ನು ತಡಕಿದರು. ತೆಗೆದ ಕಡತದ ಜಾಗದಲ್ಲಿ ಚೀಟಿ ಇಡುವುದು ಆ ಕೋಣೆಯ ಕಟ್ಟಳೆ. ಈ ಕಡತದ ಜಾಗದಲ್ಲೂ ಒಂದು ಚೀಟಿ ಇತ್ತು: ಶನಿವಾರದ ತಾರೀಕು, ದಫ್ತರಣ್ಣನ ಸಹಿ.

“ಏನ್ರೀ ಇದು?” ಇನ್ಸ್‌ಪೆಕ್ಟರ್ ಚೀಟಿ ಮುಂದೆ ಹಿಡಿದರು. “ಕದ್ದು ರಸೀದಿ ಬೇರೆ ಕೊಟ್ಟಿದೀರಲ್ರೀ!”

ದಫ್ತರಣ್ಣ ನೆಲದ ಮೇಲೆ ಕುಳಿತುಬಿಟ್ಟ. “ಮೂವತ್ತೊಂದು ವರ್ಷದ ಅಭ್ಯಾಸ ಸಾರ್. ಜಾಗ ಖಾಲಿ ಬಿಡೋಕೆ ಕೈಗೆ ಗೊತ್ತೇ ಇಲ್ಲ.”

“ಎಲ್ಲಿದೆ?”

“ಅಕ್ಕನ ಮನೇಲಿ, ಟ್ರಂಕಲ್ಲಿ. ಆ ಹನ್ನೊಂದು ಮನೇಲಿ ಅವಳದೂ ಒಂದು.”

“ಯಾಕೆ ತಗೊಂಡ್ರಿ?”

“ಸಾಹೇಬರ ಮೇಜಿಂದ ಬಂದಾಗ ಐವತ್ತು, ಐವತ್ತೊಂದನೇ ಹಾಳೆ ಇರಲಿಲ್ಲ. ಐವತ್ತೆರಡರಲ್ಲಿ, ಆ ಭೂಮಿ ಉಳ್ತಿದ್ದೋನು ನಮ್ಮಪ್ಪ ಅಂತ ಬರೆದಿದೆ. ಬುಧವಾರದವರೆಗೆ ಅದು ಉಳೀತಿತ್ತಾ ಸಾರ್?”

ಇನ್ಸ್‌ಪೆಕ್ಟರ್ ಆತನನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟರು.

3.10ಕ್ಕೆ ಪಂಚರ ಎದುರು ಟ್ರಂಕು ತೆರೆದರು. ಅಕ್ಕ ತಮ್ಮನ ತೋಳು ಹಿಡಿದು ಗೋಳಾಡಿದಳು. “ಆಫೀಸಿನ ಹಳೇ ಕಾಗದ ಅಂದಿದ್ಯಲ್ಲೋ! ಮನೆ ಹೋದ್ರೆ ಹೋಗ್ಲಿ, ನಿನ್ನ ಮಾನ ಯಾಕೋ ಕಳ್ಕೊಂಡೆ?”

“ಪಂಚನಾಮೆಗೆ ‘ಕಡತ ಒಂದು’ ಅಂತ ಬರ್ಕೊಳ್ಲಾ ಸಾರ್?” ಹೆಡ್ ಕಾನ್‌ಸ್ಟೆಬಲ್ ಕೇಳಿದರು.

“ಬೇಡ. ಹಾಳೆ ಹಾಳೆ ಎಣಿಸಿ ಬರೀರಿ. ಐವತ್ತು, ಐವತ್ತೊಂದು ಇಲ್ಲ ಅಂತ ಬರೀರಿ. ಐವತ್ತೆರಡನ್ನ ಒಂದಕ್ಷರ ಬಿಡದೆ ನಕಲು ಮಾಡಿ. ಕೋರ್ಟಿಗೆ ಹೋಗುತ್ತೆ. ನಾಳೆ ಹತ್ತಕ್ಕೆ ಆ ಸಾಹೇಬರನ್ನೂ ಕರೆಸಿ.”

5.35ಕ್ಕೆ ದಫ್ತರಣ್ಣನನ್ನು ಬಂಧಿಸಿ ಜೀಪು ಹತ್ತಿಸಿದರು. ಮೂವತ್ತೊಂದು ವರ್ಷದ ನೌಕರಿ ಅಲ್ಲಿಗೆ ಮುಗಿಯಿತು. ಪಾಪ, ಆತ ಕೇಳಿದ್ದು ಒಂದೇ ಮಾತು.

“ಅಪ್ಪನ ಹೆಸರು ಸರಿಯಾಗಿ ಬರ್ಕೊಂಡ್ರಾ ಸಾರ್?”